ಬ್ರಿಕ್ ಲೇನ್‌ನ ಆ ಮೂಲೆ ಚರ್ಚಿಗೆ ಯಾರ್‍ಯಾರು ಬಂದರು?

ಲಂಡನ್ನಿನ ಬ್ರಿಕ್ ಲೇನ್, ಫೋರ್ನಿಯರ್ ಸ್ಟ್ರೀಟ್ ಕೂಡುವ ಮೂಲೆಯ ಮಸೀದಿಯ ಬಗ್ಗೆ ‘ಮೊದಲು ಫ್ರೆಂಚರ ಚರ್ಚಾಗಿತ್ತು’ ಎಂದಷ್ಟೇ ಹೇಳಿ ಮುಗಿಸುವವರು ಹೆಚ್ಚು. ಹಾಗೆ ಹೇಳಿದರೆ ನಡುವಿನ 167 ವರ್ಷ ಲೆಕ್ಕಕ್ಕೇ ಸಿಗುವುದಿಲ್ಲ.

ಕಟ್ಟಿಸಿದವರು ಹ್ಯೂಗನೋಗಳು, ಅಂದರೆ ಫ್ರಾನ್ಸಿನ ಪ್ರಾಟೆಸ್ಟೆಂಟರು. 1685ರಲ್ಲಿ ದೊರೆ 14ನೇ ಲೂಯಿ ಅವರಿಗಿದ್ದ ಧರ್ಮಸ್ವಾತಂತ್ರ್ಯದ ಶಾಸನವನ್ನು ರದ್ದುಮಾಡಿದ. ದೇಶ ಬಿಟ್ಟ ರೇಷ್ಮೆ ನೇಕಾರರಲ್ಲಿ ಬಹಳ ಮಂದಿ ಬ್ರಿಕ್ ಲೇನ್ ಇರುವ ಸ್ಪಿಟಲ್‌ಫೀಲ್ಡ್ಸ್ ಪ್ರದೇಶದಲ್ಲಿ ಮಗ್ಗ ಹೂಡಿದರು. ಅವರ ಮಕ್ಕಳ ಕಾಲಕ್ಕೆ, 1743ರಲ್ಲಿ, ಈ ಚರ್ಚು ಎದ್ದಿತು. ಹ್ಯೂಗನೋಗಳು ಸುಧಾರಕ ಕ್ಯಾಲ್ವಿನ್‌ನ ಪಂಥದವರು, ಅವರಿಗೆ ಪ್ರವಚನವೇ ಪೂಜೆ. ಪ್ರತಿಮೆ, ಚಿತ್ರ ಬೇಡ. ಬೇಕಾದದ್ದು ಬೋಧಕನ ಪೀಠ, ದನಿ ಕೇಳುವಂಥ ಹಜಾರ, ಬೆಳಕಿಗೆ ದೊಡ್ಡ ಕಿಟಕಿ. ಆ ಬೋಳುತನವೇ ಕಟ್ಟಡವನ್ನು ಮುಂದೆ ಕಾಪಾಡಿತು ಎನ್ನಬೇಕು.

ಮೊದಲು ಸೋತದ್ದು ಭಾಷೆ. ಮೊಮ್ಮಕ್ಕಳಿಗೆ ಇಂಗ್ಲಿಷೇ ಮನೆಮಾತಾದ ಮೇಲೆ ಫ್ರೆಂಚ್ ಪ್ರವಚನ ಕೇಳುವವರಾರು? 1809ರಲ್ಲಿ ಚರ್ಚು ಯಹೂದಿಗಳನ್ನು ಕ್ರೈಸ್ತರನ್ನಾಗಿಸಲು ಹೊರಟ ಸಂಘವೊಂದರ ಕೈಗೆ ಹೋಯಿತು. ಹತ್ತೇ ವರ್ಷಕ್ಕೆ ಅದೂ ಜಾಗ ಬಿಟ್ಟಿತು. 1819ರಿಂದ ವೆಸ್ಲಿಯನ್ ಮೆಥಡಿಸ್ಟರು, ಅಂದರೆ ಜಾನ್ ವೆಸ್ಲಿಯ ಹಾದಿ ಹಿಡಿದ ಇಂಗ್ಲಿಷ್ ಪ್ರಾಟೆಸ್ಟೆಂಟರು. ಅವರು ಸುಮಾರು 80 ವರ್ಷ ಇದ್ದರು, ಕಟ್ಟಿಸಿದವರಿಗಿಂತಲೂ ಹೆಚ್ಚು ಕಾಲ.

1826ರಲ್ಲಿ ಫ್ರೆಂಚ್ ರೇಷ್ಮೆಯ ಆಮದಿಗೆ ಬಾಗಿಲು ತೆರೆದದ್ದೇ ಮಗ್ಗಗಳಿಗೆ ಪೆಟ್ಟು ಬಿತ್ತು. 1881ರ ನಂತರ ರಷ್ಯಾದ ಹಿಂಸೆಗೆ ಹೆದರಿ ಬಂದ ಯಹೂದಿಗಳು ಅದೇ ಬೀದಿಗಳಲ್ಲಿ ಹೊಲಿಗೆ ಯಂತ್ರ ಇಟ್ಟರು. 1898ರಲ್ಲಿ ಕಟ್ಟಡ ಮಖ್ಜಿಕೇ ಹದಾಥ್ ಎಂಬ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಆಯಿತು. ಯಾರನ್ನು ಮತಾಂತರಿಸಲು ಒಮ್ಮೆ ಬಾಡಿಗೆಗೆ ಹಿಡಿದಿದ್ದರೋ, ಆ ಮತದವರದ್ದೇ ಆಯಿತು! ಒಡೆದುಹಾಕಬೇಕಾದ ಮೂರ್ತಿ ಅಲ್ಲಿರಲಿಲ್ಲ. ಯಹೂದಿ ಧರ್ಮಗ್ರಂಥವಾದ ತೋರಾದ ಸುರುಳಿಗಳಿಗೊಂದು ಪೆಟ್ಟಿಗೆ, ಅವನ್ನು ಓದಲು ನಡುವೆ ಒಂದು ಕಟ್ಟೆ, ಹೆಂಗಸರಿಗೆ ಬೇರೆ ಜಾಗ ಇದ್ದರೆ ಸಾಕು.

ಕೈಗೆ ನಾಲ್ಕು ಕಾಸು ಸೇರಿದ ಯಹೂದಿ ಕುಟುಂಬಗಳು ವಾಯವ್ಯದ ಗೋಲ್ಡರ್ಸ್ ಗ್ರೀನ್‌ನಂಥ ಬಡಾವಣೆಗಳಿಗೆ ಹೊರಟವು. ಖಾಲಿಯಾದ ಹೊಲಿಗೆ ಅಂಗಡಿಗಳಿಗೆ ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ನ ಬಂಗಾಳಿಗಳು ಬಂದರು. 1976ರಲ್ಲಿ ಮಸೀದಿ ತೆರೆಯಿತು. ಈ ಸಲ ಬೇಕಾದದ್ದು ಬೇರೆ: ಬೆಂಚಿಲ್ಲದ ನೆಲ, ಅದರ ಮೇಲೆ ಜಮಖಾನೆ, ವುಜೂಗೆ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು, ನಲ್ಲಿಗಳ ಸಾಲು, ಆ ನೀರು ಹರಿದುಹೋಗಲು ಚರಂಡಿ.

ಸಂರಕ್ಷಿತ ಕಟ್ಟಡವಾದ್ದರಿಂದ ಇಟ್ಟಿಗೆಯ ಹೊರಮೈಯನ್ನು ಮನಬಂದಂತೆ ಬದಲಿಸುವಂತಿಲ್ಲ. ಹೊಸ ಸ್ಟೇನ್‌ಲೆಸ್ ಸ್ಟೀಲ್ ಮಿನಾರು ಪಕ್ಕದಲ್ಲಿ ನಿಂತಿದೆ. ಫೋರ್ನಿಯರ್ ಸ್ಟ್ರೀಟಿನ ಕಡೆ ತಲೆಯೆತ್ತಿ ನೋಡಿದರೆ ಹ್ಯೂಗನೋಗಳ ನೆರಳು ಗಡಿಯಾರ, 1743ರ ಇಸವಿ, ಲ್ಯಾಟಿನ್‌ನಲ್ಲಿ ‘ಉಂಬ್ರಾ ಸುಮುಸ್’ ಅಂದರೆ ‘ನಾವು ನೆರಳು’ ಎಂಬ ಎರಡು ಪದ ಇಂದಿಗೂ ಕಾಣುತ್ತವೆ.