ಮಿದುಳಿನಲ್ಲಿ ಸಿಕ್ಕಿದ್ದು ಕಣವೋ, ಲೋಹವೋ?

ಉಸಿರಿನೊಡನೆ ಒಳಹೋದ ಲೋಹದ ನ್ಯಾನೊಕಣ ಮಿದುಳನ್ನು ಮುಟ್ಟುತ್ತದೆ ಎಂಬ ಮಾತು ವಾಯುಮಾಲಿನ್ಯದ ಪಾಠಗಳಲ್ಲಿ ಪದೇ ಪದೇ ಬರುತ್ತದೆ. ಅದಕ್ಕೆ ಪುರಾವೆ ಹೇಗೆ ಕೂಡಿಬಂತು ಎಂಬುದೇ ಇಲ್ಲಿ ಬಿಡಿಸಿಕೊಳ್ಳಬೇಕಾದ ಗಂಟು. ಅದಕ್ಕೆ ಮೊದಲು ಗಾತ್ರದ ವಿಚಾರ.

ಗಾತ್ರ

100 ನ್ಯಾನೊಮೀಟರ್‌ಗಿಂತ ಚಿಕ್ಕದು ನ್ಯಾನೊಕಣ. ಲೆಕ್ಕಕ್ಕೆ ನಾನು ಬಳಸುವ ಅಡ್ಡದಾರಿ ಇದು: ತೂಕ ಅಷ್ಟೇ ಇದ್ದು ವ್ಯಾಸ ಎಷ್ಟು ಪಟ್ಟು ಕುಗ್ಗುತ್ತದೋ, ಒಟ್ಟು ಮೇಲ್ಮೈ ಅಷ್ಟೇ ಪಟ್ಟು ಹಿಗ್ಗುತ್ತದೆ; ಕಣಗಳ ಸಂಖ್ಯೆ ಅದರ ಘನದಷ್ಟು ಪಟ್ಟು ಹೆಚ್ಚುತ್ತದೆ. 10 ಮೈಕ್ರೋಮೀಟರ್‌ನ ಒಂದೇ ಕಣವನ್ನು 10 ನ್ಯಾನೊಮೀಟರ್‌ಗೆ ಒಡೆದರೆ ನೂರು ಕೋಟಿ ಕಣಗಳು, ಮೇಲ್ಮೈ 1000 ಪಟ್ಟು. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. ಆದರೆ ಇಂಥ ಕಣದ ತೂಕ ತೀರ ಕಡಿಮೆ; ಆದ್ದರಿಂದ 2.5 ಮೈಕ್ರೋಮೀಟರ್‌ವರೆಗಿನ ಧೂಳನ್ನು ತೂಕದಲ್ಲಿ ಅಳೆಯುವ ಪಿಎಂ 2.5 ಮಾಪನಕ್ಕೆ ಇವು ಬಹುಮಟ್ಟಿಗೆ ಲೆಕ್ಕಕ್ಕೇ ಸಿಗುವುದಿಲ್ಲ.

‘ಚಿಕ್ಕದಾದಷ್ಟೂ ಆಳಕ್ಕೆ ಇಳಿಯುತ್ತದೆ’ ಎಂದು ಬಾಯಿಪಾಠ ಮಾಡಿಕೊಂಡಿದ್ದರೆ ಅದನ್ನು ಇಲ್ಲಿ ಬಿಟ್ಟುಬಿಡಿ. ಇಷ್ಟು ಸಣ್ಣ ಕಣ ಗಾಳಿಯ ಅಣುಗಳ ಡಿಕ್ಕಿಗೆ ಸಿಕ್ಕಿ ಅಡ್ಡಾದಿಡ್ಡಿ ಅಲೆಯುತ್ತದೆ. ಚಿಕ್ಕದಾದಷ್ಟೂ ಅಲೆದಾಟ ಹೆಚ್ಚು, ಗೋಡೆಗೆ ತಾಗಿ ಅಂಟುವುದೂ ಬೇಗ. ಗಣಿತ ಮಾದರಿಗಳ ಲೆಕ್ಕದಲ್ಲಿ 20 ನ್ಯಾನೊಮೀಟರ್‌ನ ಕಣಗಳಲ್ಲಿ ಸುಮಾರು ಅರ್ಧದಷ್ಟು ಶ್ವಾಸಕೋಶದ ವಾಯುಕೋಶಗಳಲ್ಲಿ ಕೂರುತ್ತವೆ. 1 ನ್ಯಾನೊಮೀಟರ್‌ನವು ಬಹುಪಾಲು ಮೂಗಿನಲ್ಲೇ ಉಳಿಯುತ್ತವೆ. ಮಿದುಳಿನ ವಿಷಯದಲ್ಲಿ ಮೂಗಿನಲ್ಲಿ ಉಳಿಯುವುದು ಸಮಾಧಾನದ ಸಂಗತಿಯಲ್ಲ.

ದಾರಿಗಳು

ಒಂದು, ಮೂಗಿನ ಮೇಲ್ಭಾಗದ ಘ್ರಾಣ (ವಾಸನೆ ಹಿಡಿಯುವ) ನರಕೋಶಗಳ ಮೂಲಕ ನೇರವಾಗಿ ಮಿದುಳಿನ ಭಾಗವಾದ ಘ್ರಾಣ ಬಲ್ಬ್‌ಗೆ. ಈ ನರಕೋಶದ ಒಂದು ತುದಿ ಮೂಗಿನೊಳಗಿನ ಗಾಳಿಯ ಕಡೆಗಿದ್ದರೆ ಇನ್ನೊಂದು ಮಿದುಳಿನೊಳಗಿದೆ. ರಕ್ತ-ಮಿದುಳು ತಡೆಗೋಡೆ ಈ ದಾರಿಗೆ ಅಡ್ಡ ಬರುವುದಿಲ್ಲ. ಎರಡು, ಶ್ವಾಸಕೋಶದಿಂದ ರಕ್ತಕ್ಕೆ, ಅಲ್ಲಿಂದ ತಡೆಗೋಡೆ ದಾಟಿ. ಮೂರು, ಕಣ ಹೋಗದೆಯೇ ಶ್ವಾಸಕೋಶದ ಉರಿಯೂತದ ಸಂಕೇತಗಳು ರಕ್ತದಲ್ಲಿ ಮಿದುಳನ್ನು ತಲುಪುವುದು.

ಮೂಗಿನ ಹೊಳ್ಳೆ ಮುಚ್ಚಿದ ಪ್ರಯೋಗ

ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ ಭಾಗ ಇದು, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. 2006ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಆಲಿಸನ್ ಎಲ್ಡರ್, ಗುಂಟರ್ ಒಬರ್‌ಡೋಸ್ಟರ್ ಮತ್ತು ಸಂಗಡಿಗರು ಸುಮಾರು 30 ನ್ಯಾನೊಮೀಟರ್‌ನ ಮ್ಯಾಂಗನೀಸ್ ಆಕ್ಸೈಡ್ ಕಣಗಳನ್ನು ಇಲಿಗಳಿಗೆ ಉಸಿರಾಡಿಸಿದರು. 12 ದಿನಗಳ ನಂತರ ಘ್ರಾಣ ಬಲ್ಬ್‌ನಲ್ಲಿ ಮ್ಯಾಂಗನೀಸ್ 3.5 ಪಟ್ಟು, ಶ್ವಾಸಕೋಶದಲ್ಲಿ ಎರಡು ಪಟ್ಟು ಆಗಿತ್ತು.

ಇದು ರಕ್ತದ ಮೂಲಕ ಬಂದದ್ದೂ ಆಗಿರಬಹುದಲ್ಲ? ಅದಕ್ಕೇ ಬಲ ಹೊಳ್ಳೆ ಮುಚ್ಚಿ 2 ದಿನ ಉಸಿರಾಡಿಸಿದರು. ಲೋಹ ಸಿಕ್ಕಿದ್ದು ಎಡ ಬಲ್ಬ್‌ನಲ್ಲಿ ಮಾತ್ರ. ರಕ್ತ ಎರಡೂ ಬದಿಗೆ ಹರಿಯುತ್ತದೆ. ಎಡ ಹೊಳ್ಳೆಯ ಘ್ರಾಣ ನರ ಎಡ ಬಲ್ಬ್‌ಗೇ ಹೋಗುತ್ತದೆ. ರಕ್ತದ ವಾದ ಅಲ್ಲಿಗೆ ಬಿತ್ತು.

ಇಷ್ಟಕ್ಕೇ ‘ಕಣ ಮಿದುಳು ಸೇರಿತು’ ಎಂದು ಬರೆದರೆ ಒಂದು ಮೆಟ್ಟಿಲು ಹಾರಿದಂತೆ. ಅಂಗಾಂಶದಲ್ಲಿ ಅಳೆದದ್ದು ಮ್ಯಾಂಗನೀಸ್ ಧಾತುವಿನ ಪ್ರಮಾಣ. ಕಣ ಮೂಗಿನ ಲೋಳೆಯಲ್ಲಿ ಕರಗಿ, ಅದರಿಂದ ಬಿಡಿಯಾದ ಅಯಾನುಗಳು (ವಿದ್ಯುದಾವೇಶ ಹೊತ್ತ ಪರಮಾಣುಗಳು) ಅದೇ ನರದಲ್ಲಿ ಸಾಗಿದ್ದರೂ ಅಳತೆ ಹೀಗೇ ಬರುತ್ತಿತ್ತು, ಎಡ ಬಲ ವ್ಯತ್ಯಾಸವೂ ಹೀಗೇ ಇರುತ್ತಿತ್ತು. ಇದನ್ನು ಬಿಡಿಸುವುದು ಕರಗುವ ವೇಗ: ಈ ಕಣಗಳು ದಿನಕ್ಕೆ ಶೇ 1.5ಕ್ಕಿಂತ ಕಡಿಮೆ ಕರಗುತ್ತಿದ್ದವು. ನೀರಿನಲ್ಲಿ ಪೂರ್ತಿ ಕರಗುವ ಮ್ಯಾಂಗನೀಸ್ ಕ್ಲೋರೈಡನ್ನೂ ಈ ಕಣಗಳನ್ನೂ ಬೇರೆ ಬೇರೆ ಇಲಿಗಳ ಮೂಗಿಗೆ ಹನಿಸಿದಾಗ, ಒಂದು ದಿನದ ನಂತರ ಬಲ್ಬ್ ತಲುಪಿದ ಪಾಲು ಎರಡರಲ್ಲೂ ಹೆಚ್ಚು ಕಡಿಮೆ ಸಮವಾಗಿತ್ತು. ಅಯಾನು ಮಾತ್ರ ಸಾಗುವುದಾಗಿದ್ದರೆ ಕಣದ ಗುಂಪಿನಲ್ಲಿ ಅದರ ಸಣ್ಣ ಚೂರಷ್ಟೇ ಕಾಣಬೇಕಿತ್ತು. ಹಾಗಾಗಿ ಬಹುಪಾಲು ಕಣವಾಗಿಯೇ ಸಾಗಿದೆ. ಇದು ಸೂಕ್ಷ್ಮದರ್ಶಕದಲ್ಲಿ ಕಂಡದ್ದಲ್ಲ, ತರ್ಕದಿಂದ ಹಿಡಿದದ್ದು. ನನಗೆ ಇದರ ಸೊಗಸು ಅಲ್ಲೇ ಇದೆ.

ಇನ್ನೊಂದು ಫಲಿತಾಂಶವನ್ನು ಪರೀಕ್ಷೆಗೆ ಬರೆಯುವವರು ಬಿಡಬಾರದು. ಆ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತದ ಸುಳಿವಿರಲಿಲ್ಲ, ಘ್ರಾಣ ಬಲ್ಬ್‌ನಲ್ಲಿ ಉರಿಯೂತದ ಪ್ರೋಟೀನ್ ಟಿಎನ್‌ಎಫ್ ಆಲ್ಫಾ ಸುಮಾರು 30 ಪಟ್ಟು ಏರಿತ್ತು. ಮೂರನೆಯ ದಾರಿಯಿಂದ ಇದನ್ನು ವಿವರಿಸುವುದು ಕಷ್ಟ.

ಇಲಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯಬೇಡಿ. ಇಲಿ ಮೂಗಿನಿಂದಲೇ ಉಸಿರಾಡುತ್ತದೆ. ಅದರ ಮೂಗಿನ ಒಳಪದರದ ಸುಮಾರು ಅರ್ಧ ಭಾಗ ಘ್ರಾಣಕ್ಕೆ ಮೀಸಲು. ನಮ್ಮಲ್ಲಿ ಅದು ಸುಮಾರು ಶೇ 5.

ಮನುಷ್ಯರಲ್ಲಿ

2016ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮೇಹರ್ ತಂಡ ಮೆಕ್ಸಿಕೊ ಸಿಟಿ ಮತ್ತು ಮ್ಯಾಂಚೆಸ್ಟರ್‌ನ 37 ಜನರ ಮಿದುಳಿನ ಅಂಗಾಂಶವನ್ನು ಪರೀಕ್ಷಿಸಿ, ಕಬ್ಬಿಣದ ಆಕ್ಸೈಡ್ ಆದ ಮ್ಯಾಗ್ನಟೈಟ್ ಕಣಗಳನ್ನು ವರದಿ ಮಾಡಿತು. ಇಲ್ಲಿ ಕಣವೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಸಿಕ್ಕಿದೆ. ಮಿದುಳಿನಲ್ಲಿ ಮ್ಯಾಗ್ನಟೈಟ್ ಇರುವುದು 1992ರಿಂದಲೇ ಗೊತ್ತಿತ್ತು. ಅದು ದೇಹದೊಳಗೇ ಹುಟ್ಟಿದ್ದು ಎಂಬ ವಿವರಣೆ ಇತ್ತು. ಹೊಸ ಕಣಗಳು ಗುಂಡಗಿದ್ದು, ಹೆಚ್ಚಿನ ಉಷ್ಣತೆಯಲ್ಲಿ ಕರಗಿ ಗಟ್ಟಿಯಾದ ಮೇಲ್ಮೈ ತೋರಿಸುತ್ತಿದ್ದವು. ಜೊತೆಗೆ ಪ್ಲಾಟಿನಂ, ನಿಕಲ್, ಕೋಬಾಲ್ಟ್ ಇರುವ ಕಣಗಳೂ ಇದ್ದವು. ಹೊರಗಿನಿಂದ ಬಂದವು ಎಂಬ ತೀರ್ಮಾನ ನಿಂತಿರುವುದು ಈ ರೂಪದ ಮೇಲೆ. ಯಾವ ದಾರಿಯಿಂದ ಬಂದವು, ಅವುಗಳಿಂದಲೇ ಯಾವುದಾದರೂ ಕಾಯಿಲೆ ಆಯಿತೇ ಎಂಬುದನ್ನು ಈ ಅಧ್ಯಯನ ಸಾಬೀತು ಮಾಡುವುದಿಲ್ಲ.

ಹಾನಿ

ಕಬ್ಬಿಣ ಇದ್ದಲ್ಲಿ ಫೆಂಟನ್ ಕ್ರಿಯೆ: ಎರಡು ಧನಾವೇಶದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ, ಸಿಕ್ಕಿದ್ದರ ಜೊತೆ ಥಟ್ಟನೆ ವರ್ತಿಸುವ ಅದು ಕೊಬ್ಬು, ಪ್ರೋಟೀನ್, ಡಿಎನ್‌ಎ ಎಲ್ಲವನ್ನೂ ಕೆಡಿಸುತ್ತದೆ. ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಕೆರಳುವುದು ಇದಕ್ಕೆ ಜೊತೆ.

ಮ್ಯಾಂಗನೀಸ್‌ಗೆ ಮನುಷ್ಯರ ಚರಿತ್ರೆಯೇ ಇದೆ: 1837ರಲ್ಲಿ ಜಾನ್ ಕೂಪರ್ ಎಂಬ ವೈದ್ಯರು ಮ್ಯಾಂಗನೀಸ್ ಅದಿರು ಅರೆಯುವ ಕಾರ್ಮಿಕರ ನಡಿಗೆ ಕೆಡುವುದನ್ನು ವರ್ಣಿಸಿದರು. ಇಂದು ವೆಲ್ಡಿಂಗ್ ಹೊಗೆಗೂ ಅದೇ ಕಾಳಜಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಮಿದುಳಿನ ಭಾಗದಲ್ಲಿ ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತವೆ. ಮ್ಯಾಂಗನೀಸ್ ಮುಖ್ಯವಾಗಿ ಮಿದುಳಿನ ಇನ್ನೊಂದು ಭಾಗವಾದ ಗ್ಲೋಬಸ್ ಪ್ಯಾಲಿಡಸ್‌ನಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ಪಾರ್ಕಿನ್ಸನ್‌ಗೆ ಹಿಡಿಯುವ, ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಔಷಧ ಲೆವೊಡೋಪ, ಮ್ಯಾಂಗನೀಸ್ ವಿಷಕ್ಕೆ ಸಾಮಾನ್ಯವಾಗಿ ಹಿಡಿಯುವುದಿಲ್ಲ.