ಟಿಎಸ್‌ಎಚ್ ಕಡಿಮೆ ಅಂದ್ರೆ ಥೈರಾಯ್ಡ್ ಜಾಸ್ತಿ!

ಥೈರಾಯ್ಡ್ ತೊಂದರೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮೈ ಊದುವುದು, ಸುಸ್ತು, ಚಳಿ. ಅದು ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಮಂಕಾದಾಗಿನ ಕಥೆ. ಅದೇ ಗ್ರಂಥಿ ಅತಿಯಾಗಿ ದುಡಿದರೆ ಎಲ್ಲವೂ ತಿರುಗುಮುರುಗು. ಹೊಟ್ಟೆ ತುಂಬಾ ಉಂಡರೂ ತೂಕ ಇಳಿಯುತ್ತದೆ. ಬೇರೆಯವರು ಹೊದ್ದು ಕೂತಿದ್ದರೂ ಇವರಿಗೆ ಸೆಕೆ. ಎದೆ ಡವಡವ, ನಿದ್ದೆ ಇಲ್ಲ, ಸಣ್ಣದಕ್ಕೂ ಸಿಡುಕು. ‘ಸುಮ್ನೆ ಟೆನ್ಷನ್ ಮಾಡ್ಕೋತೀಯ’ ಅಂತ ಸುತ್ತಲಿನವರು ತಳ್ಳಿಹಾಕಿಬಿಡುತ್ತಾರೆ.

ಈ ತಪ್ಪು ಹೊಸದಲ್ಲ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇಪ್ಪತ್ತು ವರ್ಷದ ಒಬ್ಬಾಕೆಯ ಬಗ್ಗೆ ಬರೆದರು. ಆಕೆಗೆ ಇರುವುದು ಹಿಸ್ಟೀರಿಯಾ ಎಂದೇ ಮೊದಲು ಎಲ್ಲರೂ ಅಂದುಕೊಂಡಿದ್ದರು. ಆಮೇಲೆ ನೋಡಿದರೆ ನಾಡಿ ಓಡುತ್ತಿತ್ತು, ಕಣ್ಣಿನ ಕರಿಗುಡ್ಡೆಯ ಸುತ್ತಲೂ ಬಿಳಿ ಕಾಣುತ್ತಿತ್ತು, ಕತ್ತು ಊದಿತ್ತು. ಇವತ್ತಿಗೂ ಆ ಕಾಯಿಲೆಗೆ ಗ್ರೇವ್ಸ್ ಅವರದೇ ಹೆಸರು.

ನನಗೆ ಇದರಲ್ಲಿ ತುಂಬಾ ಹಿಡಿಸುವುದು ಒಳಗಿನ ಲೆಕ್ಕ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಕಾಣುವ ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಅದನ್ನು ಕಳಿಸಿ ಥೈರಾಯ್ಡಿಗೆ ಕೆಲಸ ಹೇಳುತ್ತದೆ. ರಕ್ತದಲ್ಲಿ ಥೈರಾಯ್ಡ್ ಮಾಡುವ ಹಾರ್ಮೋನ್‌ಗಳಾದ ಟಿ3, ಟಿ4 ಸಾಕಷ್ಟಾದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಕಡಿಮೆಯಾದರೆ ಮತ್ತೆ ಶುರು. ಗ್ರೇವ್ಸ್ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಎಡವಟ್ಟು ಮಾಡಿಕೊಳ್ಳುತ್ತದೆ. ಅದು ತಯಾರಿಸುವ ಒಂದು ಪ್ರತಿಕಾಯ (ಆಂಟಿಬಾಡಿ), ಥೈರಾಯ್ಡಿನಲ್ಲಿ ಟಿಎಸ್‌ಎಚ್ ಕೂರಬೇಕಾದ ಜಾಗದಲ್ಲೇ ಹೋಗಿ ಕೂರುತ್ತದೆ. ಯಾರೋ ಕಾಲಿಂಗ್ ಬೆಲ್ ಒತ್ತಿ, ಬಾಗಿಲು ತೆಗೆದ ಮೇಲೂ ಬೆರಳು ಎತ್ತದೇ ನಿಂತ ಹಾಗೆ! ಪಿಟ್ಯುಟರಿ ಟಿಎಸ್‌ಎಚ್ ಕಳಿಸುವುದನ್ನು ನಿಲ್ಲಿಸಿದರೂ ಪ್ರತಿಕಾಯಕ್ಕೆ ಅದರ ಪರಿವೆ ಇಲ್ಲ. ಹಾಗಾಗಿ ರಿಪೋರ್ಟಿನಲ್ಲಿ ಟಿ4 ಮೇಲೆ, ಟಿಎಸ್‌ಎಚ್ ಪಾತಾಳದಲ್ಲಿ. ಇದನ್ನು ನೋಡಿ ‘ಥೈರಾಯ್ಡ್ ಕಡಿಮೆಯಿದೆ’ ಎಂದು ಓದಿಕೊಂಡರೆ ಪೂರ್ತಿ ಉಲ್ಟಾ ಆಯಿತಲ್ವಾ? ಗ್ರಂಥಿಯಲ್ಲಿ ಗಂಟುಗಳಾಗಿ, ಅವೇ ಹಾರ್ಮೋನ್ ಸುರಿಸುವುದೂ ಉಂಟು. ಅಲ್ಲೂ ಟಿಎಸ್‌ಎಚ್ ಕೆಳಗೇ. ಅಂದ ಹಾಗೆ, ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಮೊದಲೇ ಅದನ್ನು ಹೇಳಬೇಕು. ಕೆಲವು ಬಗೆಯ ಪರೀಕ್ಷೆಗಳಲ್ಲಿ ಅದು ಇಲ್ಲದ ಥೈರಾಯ್ಡ್ ಕಾಯಿಲೆಯನ್ನು ಇದೆ ಎಂದು ತೋರಿಸಿಬಿಡುತ್ತದೆ.

ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಮೇಲೊಂದು ಕಾಗದ ಇಡಿ. ಥೈರಾಯ್ಡ್ ಜಾಸ್ತಿ ಇದ್ದವರಲ್ಲಿ ಬೆರಳಿನ ಸಣ್ಣ ನಡುಕ ಕಾಗದದ ಅಂಚಿನಲ್ಲಿ ಎದ್ದು ಕಾಣುತ್ತದೆ. ಬರೀ ಆತಂಕವಾದರೆ ನಿದ್ದೆಯಲ್ಲಿ ನಾಡಿ ಇಳಿಯುತ್ತದೆ, ಇಲ್ಲಿ ಮಲಗಿದ್ದಾಗಲೂ ಓಡುತ್ತಲೇ ಇರುತ್ತದೆ. ಮೆಟ್ಟಿಲು ಹತ್ತಲು, ಕೂತಲ್ಲಿಂದ ಏಳಲು ತೊಡೆಯಲ್ಲಿ ಬಲ ಸಾಲದು. ಮುಟ್ಟು ಕಡಿಮೆಯಾಗಬಹುದು. ವಯಸ್ಸಾದವರಲ್ಲಿ ಮಾತ್ರ ಇದು ಮೋಸ ಮಾಡುತ್ತದೆ. ನಡುಕ, ಸಿಡುಕು ಏನೂ ಇಲ್ಲದೆ ಬರೀ ತೂಕ ಇಳಿದು, ಮಂಕಾಗಿ, ಎದೆಬಡಿತ ತಾಳ ತಪ್ಪಿರುತ್ತದೆ.

ಚಿಕಿತ್ಸೆ ಇದೆ: ಮಾತ್ರೆ, ವಿಕಿರಣ ಅಯೋಡಿನ್, ಆಪರೇಷನ್. ಧೂಮಪಾನ ಗ್ರೇವ್ಸ್ ಕಾಯಿಲೆಯ ಕಣ್ಣಿನ ತೊಂದರೆಯನ್ನು ಹೆಚ್ಚಿಸುತ್ತದೆ, ಬಿಡಲೇಬೇಕು. ಥೈರಾಯ್ಡ್ ಹಾರ್ಮೋನ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ಅದನ್ನು ಮಾಮೂಲಿ ಶೀತ ಎಂದು ಬಿಡಬಾರದು. ಅಪರೂಪಕ್ಕೆ ಈ ಔಷಧಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಮಾತ್ರೆ ನಿಲ್ಲಿಸಿ, ಅವತ್ತೇ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಬೇಕು.