ಹಳೆಯ ಕಂಪ್ಯೂಟರಿನಲ್ಲಿ ನಿಜವಾಗಿ ಹಳತಾದದ್ದು ಯಾವುದು?

ದಾವಣಗೆರೆಯ ನಮ್ಮ ಮನೆಯ ಕಂಪ್ಯೂಟರನ್ನು 2014ರ ದೀಪಾವಳಿಯ ಹೊತ್ತಿಗೆ ಬಿಡಿಭಾಗಗಳನ್ನು ಒಂದೊಂದಾಗಿ ತಂದು ನಾವೇ ಕೂಡಿಸಿದ್ದೆವು. ಇಂಟೆಲ್ ಕೋರ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, ಕೆಲಸದ ಹೊತ್ತಿನ ತಾತ್ಕಾಲಿಕ ನೆನಪಾದ 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆಗಿನ ಮಟ್ಟಿಗೆ ಅದು ಮಧ್ಯಮ ವರ್ಗದ ಮನೆಗೆ ಒಪ್ಪುವ ಒಳ್ಳೆಯ ಯಂತ್ರವೇ ಆಗಿತ್ತು. ಈ ಬೇಸಿಗೆಯ ಹೊತ್ತಿಗೆ, ಗುಂಡಿ ಒತ್ತಿದ ಮೇಲೆ ಅದು ಕೆಲಸಕ್ಕೆ ಅಣಿಯಾಗಲು ಮೂರು ನಿಮಿಷ ಕಾಯಬೇಕಾಗಿತ್ತು; ಬ್ರೌಸರ್ ತೆರೆಯಲು ಇನ್ನೊಂದು ನಿಮಿಷ; ಮಧ್ಯಾಹ್ನವಾದರೆ ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ದಿನಾಂಕವಂತೂ ಪ್ರತಿದಿನ ಬೆಳಿಗ್ಗೆ 2014ರ ಜನವರಿ 1ಕ್ಕೆ ಹೋಗಿ ನಿಂತಿರುತ್ತಿತ್ತು. ಇಂಜಿನಿಯರಿಂಗ್ ಓದುತ್ತಿರುವ ತಮ್ಮನ ಮಗ ಒಂದು ಭಾನುವಾರ ಇದನ್ನೆಲ್ಲ ನೋಡಿ, "ದೊಡ್ಡಪ್ಪ, ಇದಕ್ಕೆ ಇನ್ನ ದುಡ್ಡು ಹಾಕಬ್ಯಾಡ್ರಿ, ಹೊಸದೇ ತಗೊಂಡ್ಬಿಡ್ರಿ" ಎಂದ.

ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಹನ್ನೆರಡು ವರ್ಷ ದುಡಿದ ಯಂತ್ರ "ಹಳತಾಗಿದೆ" ಎಂದು ಹೇಳುವಾಗ ನಾವು ಏನನ್ನು ಹೇಳುತ್ತಿದ್ದೇವೆ ಎಂಬುದನ್ನು ತಿಳಿದುಕೊಳ್ಳದೆ ನಿರ್ಧರಿಸಲು ನನಗೆ ಮನಸ್ಸಾಗಲಿಲ್ಲ. ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಎಂದರೆ ಹಲವು ವಸ್ತುಗಳ ಒಂದು ಕೂಟ. ಆ ಕೂಟದಲ್ಲಿ ಒಂದೊಂದಕ್ಕೂ ಅದರದೇ ಆಯುಷ್ಯವಿದೆ, ಅದರದೇ ಸವೆತದ ಬಗೆಯಿದೆ. ಒಂದು ಸೋತರೆ ಉಳಿದವೂ ಸೋತಂತೆ ಕಾಣುತ್ತವೆ ಎಂಬುದೇ ಇಲ್ಲಿರುವ ತೊಡಕು.

ಮೊದಲು ಪ್ರೊಸೆಸರನ್ನೇ ತೆಗೆದುಕೊಳ್ಳೋಣ. ಕಂಪ್ಯೂಟರಿನ ಲೆಕ್ಕಗಳನ್ನೆಲ್ಲ ಮಾಡುವ ಈ ಚಿಪ್ಪಿಗೆ ಸಿಪಿಯು ಎಂಬ ಹೆಸರೂ ಇದೆ. ನಮ್ಮಲ್ಲಿ ಇಡೀ ಡಬ್ಬವನ್ನೇ "ಸಿಪಿಯು" ಎಂದು ಕರೆಯುವ ವಾಡಿಕೆ ಇರುವುದರಿಂದ, ಡಬ್ಬ ನಿಧಾನವಾದಾಗ ತಪ್ಪು ಪ್ರೊಸೆಸರಿನದೇ ಎಂದು ಎಲ್ಲರೂ ಭಾವಿಸುತ್ತಾರೆ. ಪ್ರೊಸೆಸರಿನಲ್ಲಿ ತಿರುಗುವ, ಉಜ್ಜುವ ಭಾಗ ಯಾವುದೂ ಇಲ್ಲ. 3.2 ಗಿಗಾಹರ್ಟ್ಸ್ ವೇಗದ ಚಿಪ್ ಕೊಂಡ ದಿನ ಸೆಕೆಂಡಿಗೆ 320 ಕೋಟಿ ಸಲ ಮಿಡಿಯುತ್ತಿದ್ದರೆ ಇಂದೂ ಅಷ್ಟೇ ಸಲ ಮಿಡಿಯುತ್ತದೆ. ಮನೆಯ ಬಳಕೆಯಲ್ಲಿ ಸಿಲಿಕಾನ್ ಚಿಪ್ ತಾನಾಗಿ ಕೆಡುವುದು ಬಹಳ ಅಪರೂಪ.

ಹೊಸ ಪ್ರೊಸೆಸರುಗಳು ಇದಕ್ಕಿಂತ ವೇಗವಾಗಿಲ್ಲವೇ ಎಂದರೆ ಆಗಿವೆ, ಆದರೆ ಜಾಹೀರಾತು ಓದಿದಾಗ ನಮಗೆ ಅನ್ನಿಸುವಷ್ಟು ಅಲ್ಲ. 1994ರಲ್ಲಿ 100 ಮೆಗಾಹರ್ಟ್ಸಿನ ಪೆಂಟಿಯಮ್ ಬಂತು, 2004ರಲ್ಲಿ 3.8 ಗಿಗಾಹರ್ಟ್ಸಿನ ಪೆಂಟಿಯಮ್ 4 ಬಂತು. ಹತ್ತೇ ವರ್ಷದಲ್ಲಿ ಮಿಡಿತ 38 ಪಟ್ಟಾಯಿತು. ಆ ಕಾಲದಲ್ಲಿ ಐದು ವರ್ಷದ ಕಂಪ್ಯೂಟರ್ ಎಂದರೆ ನಿಜಕ್ಕೂ ಮುದಿ ಯಂತ್ರವೇ. ಆ ಓಟದ ಹಿಂದೆ ಇದ್ದದ್ದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ವಿವರಿಸಿದ ಒಂದು ನಿಯಮ: ಚಿಪ್ಪಿನೊಳಗಿನ ಅತಿ ಪುಟ್ಟ ಸ್ವಿಚ್ಚಾದ ಟ್ರಾನ್ಸಿಸ್ಟರನ್ನು ಕುಗ್ಗಿಸುತ್ತ ಹೋದಂತೆ ಅದಕ್ಕೆ ಕೊಡುವ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು, ಹೀಗಾಗಿ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳು ಇನ್ನೂ ವೇಗವಾಗಿ ಕೆಲಸ ಮಾಡಿದರೂ ಶಾಖ ಹೆಚ್ಚುವುದಿಲ್ಲ. 2005ರ ಆಸುಪಾಸಿನಲ್ಲಿ ಈ ನಿಯಮ ಕೈಕೊಟ್ಟಿತು. ಟ್ರಾನ್ಸಿಸ್ಟರ್ ಆರಿದ್ದಾಗಲೂ ಅದರ ಮೂಲಕ ವಿದ್ಯುತ್ ಸೋರತೊಡಗಿ, ವೋಲ್ಟೇಜನ್ನು ಇನ್ನಷ್ಟು ಇಳಿಸುವುದು ಸಾಧ್ಯವಾಗದೆ, ಮಿಡಿತ ಏರಿಸಿದರೆ ಚಿಪ್ ಕಾದು ಹೋಗುವ ಸ್ಥಿತಿ ಬಂತು. ಅಲ್ಲಿಂದ ಮುಂದೆ ತಯಾರಕರು ಒಂದೇ ಚಿಪ್ಪಿನೊಳಗೆ ಬಿಡಿಯಾಗಿ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳ ಸಂಖ್ಯೆಯನ್ನು ಹೆಚ್ಚಿಸಿದರು, ಒಂದು ಮಿಡಿತದಲ್ಲಿ ಆಗುವ ಕೆಲಸವನ್ನು ಹೆಚ್ಚಿಸಿದರು. ಆದ್ದರಿಂದ ಪತ್ರ ಬರೆಯುವ, ಲೆಕ್ಕದ ಹಾಳೆ ತೆರೆಯುವ, ಸುದ್ದಿ ಓದುವ ಮನೆಯವರ ಪಾಲಿಗೆ 2014ರ ಪ್ರೊಸೆಸರ್ ಇನ್ನೂ ಗಟ್ಟಿಯಾಗಿಯೇ ಇದೆ. ದಿನವಿಡೀ ವಿಡಿಯೊ ಸಂಕಲನ ಮಾಡುವವರ, ಹೊಸ ಆಟಗಳನ್ನು ಆಡುವವರ ಮಾತು ಬೇರೆ. ಅವರಿಗೆ ಹೆಚ್ಚು ಕೋರ್‌ಗಳೂ ಹೊಸ ಗ್ರಾಫಿಕ್ಸ್ ಕಾರ್ಡೂ ಬೇಕೇ ಬೇಕು.

ಹಾಗಾದರೆ ನಮ್ಮನ್ನು ಕಾಯಿಸುತ್ತಿದ್ದವರು ಯಾರು? ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ಉತ್ತರ ಎದುರಿಗೇ ಇತ್ತು. ಯಂತ್ರ ಏದುಸಿರು ಬಿಡುತ್ತಿದ್ದ ಆ ಮೂರು ನಿಮಿಷಗಳ ಉದ್ದಕ್ಕೂ ಪ್ರೊಸೆಸರಿನ ಬಳಕೆ ನೂರಕ್ಕೆ ಹತ್ತರ ಸುತ್ತ ಇತ್ತು; ಡಿಸ್ಕಿನ ಬಳಕೆ ನೂರಕ್ಕೆ ನೂರು.

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತಿರುತ್ತವೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಆ ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್ ಬೇಕು. ಒಟ್ಟು ಹನ್ನೆರಡು ಹದಿಮೂರು ಮಿಲಿಸೆಕೆಂಡ್ ಎಂದರೆ, ಬೇರೆ ಬೇರೆ ಕಡೆ ಚದುರಿರುವ ಚಿಕ್ಕ ಕಡತಗಳನ್ನು ಸೆಕೆಂಡಿಗೆ ಸುಮಾರು ಎಂಬತ್ತರಷ್ಟು ಮಾತ್ರ ಹೆಕ್ಕಲು ಸಾಧ್ಯ. ಕಂಪ್ಯೂಟರ್ ಎದ್ದು ನಿಲ್ಲುವಾಗ ಹೆಕ್ಕಬೇಕಾದದ್ದು ಸಾವಿರಾರು ಇರುತ್ತದೆ. ಮಂಡಿಪೇಟೆಯಲ್ಲಿ ನೂರು ಸಾಮಾನು ಕೊಳ್ಳುವವನು ಒಂದೊಂದು ಸಾಮಾನಿಗೂ ಒಂದೊಂದು ಅಂಗಡಿಗೆ ಹೋಗಿ, ಪ್ರತಿ ಸಲವೂ ಮನೆಗೆ ಬಂದು ಇಟ್ಟು ಮತ್ತೆ ಹೊರಟ ಹಾಗೆ. ತಟ್ಟೆಯ ಮೇಲೆ ಮಾಹಿತಿಯ ದಟ್ಟಣೆ ವರ್ಷ ವರ್ಷವೂ ಏರಿದರೂ, ತಿರುಗುವ ತಟ್ಟೆ ಮತ್ತು ಸರಿಯುವ ತೋಳಿನ ಈ ಕಾಯುವಿಕೆ ಹೆಚ್ಚು ಕಡಿಮೆ ಇದ್ದಲ್ಲೇ ಉಳಿಯಿತು.

ಹಾರ್ಡ್ ಡಿಸ್ಕಿನ ಜಾಗದಲ್ಲಿ ಹಾಕಬಹುದಾದ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಒಕ ಮತ್ತು ಅವರ ತಂಡ 1987ರಲ್ಲಿ ಜಗತ್ತಿನ ಮುಂದಿಟ್ಟ ನ್ಯಾಂಡ್ ಫ್ಲ್ಯಾಶ್ ಎಂಬ ಚಿಪ್ಪಿನಲ್ಲಿ, ವಿದ್ಯುತ್ ಹರಿಯಗೊಡದ ಪದರಗಳ ನಡುವೆ ಸಿಕ್ಕಿಸಿಟ್ಟ ವಿದ್ಯುದಂಶವೇ ನೆನಪಾಗಿ ಉಳಿಯುತ್ತದೆ. ಅಲ್ಲಿಂದ ಓದಲು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಈ ಅಂತರವನ್ನು ನಮ್ಮ ಕಾಲಮಾನಕ್ಕೆ ಹಿಗ್ಗಿಸಿ ನೋಡಬಹುದು: ರ‍್ಯಾಮಿನಿಂದ ಮಾಹಿತಿ ತರಲು ಒಂದು ಸೆಕೆಂಡ್ ಬೇಕು ಎಂದುಕೊಂಡರೆ, ಎಸ್‌ಎಸ್‌ಡಿಯಿಂದ ತರಲು ಸುಮಾರು ಹದಿನೇಳು ನಿಮಿಷ ಬೇಕು, ಹಾರ್ಡ್ ಡಿಸ್ಕಿನಿಂದ ತರಲು ಸುಮಾರು ಒಂದೂವರೆ ದಿನ. ಪ್ರೊಸೆಸರ್ ಆ ಒಂದೂವರೆ ದಿನ ಬಾಗಿಲಲ್ಲಿ ಕುಳಿತು ಕಾಯುತ್ತಿತ್ತು. ರ‍್ಯಾಮ್ 4 ಜಿಬಿಯಷ್ಟೇ ಇದ್ದದ್ದರಿಂದ ಕಷ್ಟ ಇಮ್ಮಡಿಯಾಗಿತ್ತು. ಇಂದಿನ ಬ್ರೌಸರಿಗೆ ಅಷ್ಟು ಸಾಲದೆ, ರ‍್ಯಾಮಿನಲ್ಲಿ ಇರಬೇಕಾದ ಸರಕನ್ನೂ ಕಂಪ್ಯೂಟರ್ ಅದೇ ಡಿಸ್ಕಿಗೆ ಹೊತ್ತುಹಾಕಿ, ಬೇಕೆಂದಾಗ ಮತ್ತೆ ಹೊತ್ತು ತರುತ್ತಿತ್ತು.

ಯಾವುದನ್ನು ಬದಲಿಸಬೇಕು ಎಂಬ ಪ್ರಶ್ನೆಗೆ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದಲ್ಲಿ ಒಂದು ಅಳತೆಗೋಲು ಸಿಗುತ್ತದೆ. ಒಂದು ಕೆಲಸಕ್ಕೆ 40 ಸೆಕೆಂಡ್ ಹಿಡಿಯುತ್ತದೆ, ಅದರಲ್ಲಿ 34 ಸೆಕೆಂಡ್ ಡಿಸ್ಕಿನದು, 6 ಸೆಕೆಂಡ್ ಪ್ರೊಸೆಸರಿನದು ಎಂದಿಟ್ಟುಕೊಳ್ಳಿ. ದುಬಾರಿ ಹಣ ತೆತ್ತು ಎರಡು ಪಟ್ಟು ವೇಗದ ಪ್ರೊಸೆಸರ್ ತಂದರೆ ಉಳಿಯುವುದು 3 ಸೆಕೆಂಡ್. ಕೆಲಸ 37 ಸೆಕೆಂಡಿಗೆ ಬರುತ್ತದೆ. ಪ್ರೊಸೆಸರನ್ನು ಮುಟ್ಟದೆ ಇಪ್ಪತ್ತು ಪಟ್ಟು ವೇಗದ ಎಸ್‌ಎಸ್‌ಡಿ ಹಾಕಿದರೆ ಅದೇ ಕೆಲಸ 8 ಸೆಕೆಂಡಿನೊಳಗೆ ಮುಗಿಯುತ್ತದೆ. ಅಂಗಡಿಗೆ ಹೋಗುವ ಮೊದಲು ಈ ಲೆಕ್ಕವನ್ನು ಒಂದು ಚೀಟಿಯ ಹಿಂಬದಿಯಲ್ಲಾದರೂ ಮಾಡಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಶಾಖದ ವಿಚಾರ. ನಮ್ಮ ಊರಿನಲ್ಲಿ ಇದಕ್ಕೆ ಬೇರೆ ಊರುಗಳಿಗಿಂತ ಹೆಚ್ಚು ಗಮನ ಕೊಡಬೇಕು ಎಂದು ನಾನು ತಿಳಿದಿದ್ದೇನೆ. ನಮ್ಮ ಮನೆ ಮಂಡಕ್ಕಿ ಭಟ್ಟಿಗಳಿಂದ ದೂರವಿಲ್ಲ. ಭತ್ತದ ಹೊಟ್ಟು ಉರಿಸಿದ ಬೂದಿ ಗಾಳಿ ಬೀಸಿದ ಕಡೆ ಬಂದು ಕಿಟಕಿಯ ಸರಳುಗಳ ಮೇಲೆ ಕೂರುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿದಾಗ, ಪ್ರೊಸೆಸರಿನ ಶಾಖವನ್ನು ಗಾಳಿಗೆ ಬಿಡಲು ಅದರ ಮೇಲಿರುವ ಅಲ್ಯೂಮಿನಿಯಂ ಹೀಟ್ ಸಿಂಕಿನ ರೆಕ್ಕೆಗಳ ಸಂದುಗಳೆಲ್ಲ ಮುಚ್ಚಿಹೋಗಿ, ಚಳ್ಳಕೆರೆ ಕಡೆಯ ಕರಿ ಕಂಬಳಿಯ ತುಂಡೊಂದನ್ನು ಹೊದಿಸಿದಂತಿತ್ತು. ಬೆರಳಿನಿಂದ ಎತ್ತಿದರೆ ಹಾಳೆಯಂತೆ ಎದ್ದು ಬಂತು. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುತ್ತದೆ. ಚಿಪ್ಪಿನ ಸಿಲಿಕಾನನ್ನು ತೆಗೆಯುವುದೂ ಸಿಲಿಕಾದಿಂದಲೇ. ಒಂದೇ ಮೂಲದ ಎರಡು ವಸ್ತುಗಳಲ್ಲಿ ಒಂದು ಇನ್ನೊಂದರ ಉಸಿರು ಕಟ್ಟಿಸಿ ಕುಳಿತಿತ್ತು.

ಅಲ್ಯೂಮಿನಿಯಂ ಶಾಖವನ್ನು ಗಾಳಿಗಿಂತ ಸಾವಿರಾರು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಧೂಳಿನ ಹಾಸು ಮಾಡುವ ಕೆಲಸವೆಂದರೆ ಗಾಳಿಯನ್ನು ಅಲ್ಲಾಡದಂತೆ ಹಿಡಿದಿಡುವುದು. ಕಂಬಳಿ ನಮ್ಮನ್ನು ಬೆಚ್ಚಗಿಡುವುದೂ ಇದೇ ಕಾರಣಕ್ಕೆ. ಅದರ ಮೇಲೆ, ಹೀಟ್ ಸಿಂಕ್ ತಣಿಸುವುದು ಕೋಣೆಯ ಉಷ್ಣಾಂಶಕ್ಕೆ ಹೋಲಿಸಿಯೇ ಹೊರತು ಅದಕ್ಕಿಂತ ಕೆಳಕ್ಕಲ್ಲ. ಕೋಣೆ 25 ಡಿಗ್ರಿ ಇದ್ದಾಗ 70 ಡಿಗ್ರಿಯಲ್ಲಿ ನಿಲ್ಲುವ ಪ್ರೊಸೆಸರ್, ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯ ಕೋಣೆಯಲ್ಲಿ 83ಕ್ಕೆ ಏರುತ್ತದೆ. ಒಳಗಿನ ಶಾಖ 100 ಡಿಗ್ರಿಯನ್ನು ಮುಟ್ಟುತ್ತಿದ್ದಂತೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಮಿಡಿತವನ್ನು ತಗ್ಗಿಸುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಯಂತ್ರ ಮಧ್ಯಾಹ್ನ ತೆವಳುವುದಕ್ಕೆ ಇದೇ ಕಾರಣವಾಗಿತ್ತು. ಬ್ರಷ್‌ನಿಂದ ಧೂಳು ತೆಗೆದು, ಒಣಗಿ ಸುಣ್ಣದಂತಾಗಿದ್ದ ಪ್ರೊಸೆಸರಿನಿಂದ ಹೀಟ್ ಸಿಂಕಿಗೆ ಶಾಖ ದಾಟಿಸುವ ಹಳೆಯ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದ ಮೇಲೆ, ಅದೇ ಕೋಣೆಯಲ್ಲಿ, ಅದೇ ಕೆಲಸಕ್ಕೆ, 94 ಡಿಗ್ರಿ ತೋರಿಸುತ್ತಿದ್ದಲ್ಲಿ 66 ತೋರಿಸಿತು. ಖರ್ಚಾದದ್ದು ಪೇಸ್ಟಿನ ಒಂದು ಚಿಕ್ಕ ಟ್ಯೂಬ್ ಮಾತ್ರ.

ನಿಜಕ್ಕೂ ಮುಪ್ಪಾಗುವ ಭಾಗವೊಂದು ಈ ಡಬ್ಬದಲ್ಲಿದ್ದರೆ ಅದು ಎಸ್‌ಎಂಪಿಎಸ್ ಎಂದು ನಾವು ಕರೆಯುವ ವಿದ್ಯುತ್ ಪೂರೈಕೆಯ ಘಟಕ. ವಿದ್ಯುತ್ತನ್ನು ಕೂಡಿಟ್ಟು ಸಮನಾಗಿ ಬಿಡುವ, ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿ ದ್ರವವಿರುತ್ತದೆ, ಅದು ವರ್ಷಗಳ ಮೇಲೆ ಆರುತ್ತ ಹೋಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧವಾಗುತ್ತದೆ ಎಂಬುದು ಇಂಜಿನಿಯರುಗಳು ಬಳಸುವ ಸ್ಥೂಲ ನಿಯಮ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು; ದಿನಕ್ಕೆ ಆರು ಗಂಟೆಯಂತೆ ಹದಿನಾಲ್ಕು ವರ್ಷಕ್ಕೂ ಹೆಚ್ಚು. ಅದೇ ಡಬ್ಬ ಧೂಳು ತುಂಬಿ 75 ಡಿಗ್ರಿಯಲ್ಲಿ ದುಡಿದರೆ ಏಳು ವರ್ಷ ದಾಟುವುದರಲ್ಲಿ ಮುಗಿಯಿತು. ಕ್ಯಾಬಿನೆಟ್ಟಿನ ಜೊತೆಗೇ ಬಂದ ಅಗ್ಗದ ಎಸ್‌ಎಂಪಿಎಸ್ ಹನ್ನೆರಡು ವರ್ಷ ದಾಟಿದ್ದರೆ, ಅದು ಇನ್ನೂ ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಉಳಿಸಿಕೊಳ್ಳುವುದು ಸರಿಯಲ್ಲ. ಅದು ಹೋಗುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಇಷ್ಟೆಲ್ಲ ಆದ ಮೇಲೂ ತಮ್ಮನ ಮಗನ ಮಾತಿನಲ್ಲಿ ಒಂದು ಬಲವಾದ ಅಂಶ ಉಳಿದಿತ್ತು. ನಮ್ಮ ಯಂತ್ರದಲ್ಲಿದ್ದ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತಾ ಪರಿಷ್ಕರಣೆಗಳು ಇನ್ನೊಂದು ವರ್ಷ ಬರುತ್ತವೆ, ಅಷ್ಟೆ. ವಿಂಡೋಸ್ 11 ಇಂಟೆಲಿನ ಎಂಟನೆಯ ಪೀಳಿಗೆಯ ಪ್ರೊಸೆಸರನ್ನೂ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನೂ ಕೇಳುತ್ತದೆ. ನಮ್ಮದು ನಾಲ್ಕನೆಯ ಪೀಳಿಗೆ. ಭೌತಿಕವಾಗಿ ಗಟ್ಟಿಮುಟ್ಟಾಗಿರುವ ಪ್ರೊಸೆಸರನ್ನು ನಿವೃತ್ತಿಗೊಳಿಸುವುದು ಈ ಒಂದು ಷರತ್ತು, ಮತ್ತು ಇದನ್ನು ಹಗುರವಾಗಿ ಕಾಣಬಾರದು. ಭದ್ರತಾ ಪರಿಷ್ಕರಣೆ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯಕರ. ನಾನು 2029ರವರೆಗೆ ಬೆಂಬಲವಿರುವ ಉಬುಂಟು 24.04 ಎಂಬ, ವಿಂಡೋಸಿನ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆಗೆ ಬದಲಾದೆ, ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇರುವುದರಿಂದ ಕನ್ನಡ ಬರೆಯಲು ತೊಂದರೆಯಾಗಲಿಲ್ಲ. ವಿಂಡೋಸಿನಲ್ಲೇ ನಡೆಯುವ ಲೆಕ್ಕಪತ್ರದ ತಂತ್ರಾಂಶವನ್ನು ನೆಚ್ಚಿಕೊಂಡ ಅಂಗಡಿಯವರಿಗೆ ನಾನು ಇದೇ ಸಲಹೆ ಕೊಡಲಾರೆ. ಅವರು ಹೊಸ ಯಂತ್ರ ಕೊಳ್ಳುವುದೇ ಸರಿ.

ಉಳಿದದ್ದು ಹಣದ ಲೆಕ್ಕ. ಮುಂದಿನ ಯಂತ್ರಕ್ಕೆ ನಮ್ಮೊಡನೆ ಬರುವ ಭಾಗಕ್ಕೆ ಧಾರಾಳವಾಗಿ ಖರ್ಚು ಮಾಡಬಹುದು, ಬರದ ಭಾಗಕ್ಕೆ ಕೈ ಬಿಗಿಹಿಡಿಯಬೇಕು. ಸಾಟಾ ಎಂಬ ಕೇಬಲ್ಲಿನಿಂದ ಜೋಡಿಸುವ ಎಸ್‌ಎಸ್‌ಡಿ ಬರುತ್ತದೆ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಎಂಬ ಪ್ರಮಾಣಿತ ಅಳತೆಗಳು ಇಂದಿಗೂ ಬಳಕೆಯಲ್ಲಿರುವುದರಿಂದ ಒಳ್ಳೆಯ ಎಸ್‌ಎಂಪಿಎಸ್ಸೂ ಬರುತ್ತದೆ. ಡಿಡಿಆರ್3 ರ‍್ಯಾಮ್ ಬರುವುದಿಲ್ಲ. ಅದರ ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ, 1.5 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ, ಡಿಡಿಆರ್4 ಅಥವಾ ಡಿಡಿಆರ್5 ಬೋರ್ಡಿನಲ್ಲಿ ಕೂರುವುದೇ ಇಲ್ಲ. ಹೀಗಾಗಿ ಹೊಸ ಎಸ್‌ಎಸ್‌ಡಿ, ಹೊಸ ಎಸ್‌ಎಂಪಿಎಸ್ ಕೊಂಡೆ. ರ‍್ಯಾಮ್ ಮಾತ್ರ ರಿಪೇರಿ ಅಂಗಡಿಯೊಂದರಲ್ಲಿ ಬಳಸಿದ್ದನ್ನೇ ಹುಡುಕಿ, ಖಾಲಿಯಿದ್ದ ಎರಡನೆಯ ಸ್ಲಾಟಿಗೆ ಇನ್ನೊಂದು 4 ಜಿಬಿ ಹಾಕಿಸಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯಿಂದ ಹೊಸ ರ‍್ಯಾಮಿನ ಬೆಲೆ ಬಹಳ ಏರಿರುವಾಗ, ಇಡೀ ಯಂತ್ರವನ್ನು ಈಗಲೇ ಬದಲಿಸದೆ ಮುಂದೂಡಿದ್ದು ಒಳ್ಳೆಯದೇ ಆಯಿತು. ಮೂರು ನಿಮಿಷ ಹಿಡಿಯುತ್ತಿದ್ದ ಆರಂಭ ಈಗ 26 ಸೆಕೆಂಡಿನಲ್ಲಿ ಮುಗಿಯುತ್ತದೆ.

ದಿನಾಂಕದ ತೊಂದರೆಯೊಂದು ಬಾಕಿಯಿತ್ತು. ಮದರ್‌ಬೋರ್ಡಿನ ಮೂಲೆಯಲ್ಲಿ ನಾಣ್ಯದಂತಹ ಸಿಆರ್2032 ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗಲೂ ಸೆಕೆಂಡಿಗೆ 32,768 ಸಲ ಕಂಪಿಸುವ ಪುಟ್ಟ ಸ್ಫಟಿಕದ ಗಡಿಯಾರವನ್ನು ಅದು ನಡೆಸುತ್ತದೆ. 3 ವೋಲ್ಟ್ ಇರಬೇಕಾದಲ್ಲಿ ಮಲ್ಟಿಮೀಟರ್ 2.3 ತೋರಿಸಿತು. ಬ್ಯಾಂಕಿನ ಪುಟ ತೆರೆಯದೆ ಇದ್ದದ್ದೂ ಇದರಿಂದಲೇ: ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ, ಕೊನೆಯ ದಿನ ಎಂದು ಇರುತ್ತದೆ, ಇನ್ನೂ 2014ರಲ್ಲೇ ಇದ್ದೇನೆ ಎಂದು ತಿಳಿದ ಯಂತ್ರಕ್ಕೆ ಆ ಪತ್ರಗಳೆಲ್ಲ ಚಾಲ್ತಿಗೇ ಬಂದಿರಲಿಲ್ಲ. ಕೈಗಡಿಯಾರ ರಿಪೇರಿ ಮಾಡುವ ಅಂಗಡಿಯಿಂದ ಹೊಸ ಸೆಲ್ ತಂದು, ಹಳೆಯದನ್ನು ಉಗುರಿನಿಂದ ಮೀಟಿ ತೆಗೆದು, ಇದನ್ನು ಒತ್ತಿ ಕೂರಿಸಿದೆ. ಮರುದಿನ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಆ ದಿನದ ತಾರೀಖೇ ಇತ್ತು.